ಲೆಕ್ಕದ ಎರಡನೇ ಪುಸ್ತಕ

(ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಮಹೋತ್ಸವ ಸಮಿತಿಯವರು ಫೋನ್ ಮಾಡಿ, "ನೀನು ಸಾಫ್ಟ್‌ವೇರ್‌ನಲ್ಲಿ ಇದ್ದೀಯ, ಈಗಿನ ಕಾಲೇಜು ಮಕ್ಕಳಿಗೆ ಉಪಯೋಗ ಆಗೋ ಹಾಗೆ ಏನಾದರೂ ಮಾತಾಡಪ್ಪ" ಎಂದರು. ಕಂಪ್ಯೂಟರ್ ಬಗ್ಗೆ ಮಾತಾಡಲಿ ಎಂದುಕೊಂಡಿದ್ದರೋ ಏನೋ. ನಾನು ದುಡ್ಡಿನ ಬಗ್ಗೆ ಮಾತಾಡುತ್ತೇನೆ. ಯಾಕೆ ಅಂದರೆ, ಊರಿಗೆ ಬಂದಾಗಲೆಲ್ಲ ನನ್ನನ್ನು ನಿಲ್ಲಿಸಿ ಕೇಳುವ ಪ್ರಶ್ನೆ ಅದೇ. "ಮಗ ಬೆಂಗಳೂರಲ್ಲಿ ಓದ್ತಾ ಇದಾನೆ ಕಣಪ್ಪ, ಕಳಿಸಿದ ದುಡ್ಡು ಎಲ್ಲಿ ಹೋಗುತ್ತೋ ಗೊತ್ತಾಗಲ್ಲ. ಅವನನ್ನ ಕೇಳಿದ್ರೆ ಅವನಿಗೂ ಗೊತ್ತಿಲ್ಲ ಅಂತಾನೆ." ಅವನು ಸುಳ್ಳು ಹೇಳುತ್ತಿಲ್ಲ. ನಿಜವಾಗಿಯೂ ಅವನಿಗೆ ಗೊತ್ತಿರುವುದಿಲ್ಲ. ಇವತ್ತಿನ ನನ್ನ ಮಾತು ಆ ಗೊತ್ತಿಲ್ಲದಿರುವುದರ ಬಗ್ಗೆ.

ಬೆಳಿಗ್ಗೆ ಶಾಲೆಯ ಗೇಟಿನಲ್ಲಿ ಒಳಗೆ ಬರುವಾಗ ನೋಡಿದೆ. ದೇಣಿಗೆ ಕೊಡುವವರಿಗಾಗಿ ಒಂದು ಟೇಬಲ್ ಹಾಕಿದ್ದಾರೆ. ಟೇಬಲ್ ಮೇಲೆ ಕ್ಯೂಆರ್ ಕೋಡ್ ಅಂಟಿಸಿದ್ದಾರೆ. ಅದರ ಪಕ್ಕದಲ್ಲಿ ನಮ್ಮ ಮೇಷ್ಟ್ರು ಒಬ್ಬರು ಕಾರ್ಬನ್ ಹಾಳೆ ಇಟ್ಟ ರಸೀದಿ ಪುಸ್ತಕ ಹಿಡಿದು ಕೂತಿದ್ದಾರೆ. ನಾನು ಫೋನಿನಲ್ಲಿ ಹಣ ಹಾಕಿದೆ, "ಹೋಯ್ತು ಸಾರ್" ಅಂದೆ. ಅವರು, "ಇರು, ರಸೀದಿ ತಗೊಂಡು ಹೋಗು. ನಿನ್ನ ಹತ್ರ ಒಂದಿರಲಿ, ನನ್ನ ಹತ್ರ ಒಂದಿರಲಿ" ಅಂದರು. ಈ ಮಾತನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ.

ನಗದು ಇಲ್ಲದ ವ್ಯವಹಾರ ಎಂದ ಕೂಡಲೇ ಅದೇನೋ ಹೊಸದು, ಪಟ್ಟಣದ್ದು ಎಂದುಕೊಳ್ಳುತ್ತೇವೆ. ನಮ್ಮ ಹೊಸಕೋಟೆ ಸೀಮೆಯ ಹಳ್ಳಿಗಳಿಗೆ ಅದು ಹೊಸದೇನಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ದಿನಾ ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೋಗುವುದು ನನ್ನ ಕೆಲಸವಾಗಿತ್ತು. ಅಲ್ಲಿ ಹಾಲು ಅಳೆದು, ಫ್ಯಾಟ್ ನೋಡಿ, ಸಂಘದ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ನಮ್ಮ ಕೈಲಿದ್ದ ಸಣ್ಣ ಪುಸ್ತಕದಲ್ಲೂ ಅದನ್ನೇ ಬರೆದುಕೊಡುತ್ತಿದ್ದರು. ಆವತ್ತು ಯಾರ ಕೈಗೂ ಒಂದು ರೂಪಾಯಿ ಸಿಗುತ್ತಿರಲಿಲ್ಲ. ಹದಿನೈದು ದಿನಕ್ಕೊಮ್ಮೆ ಬಟವಾಡೆ. ಬಟವಾಡೆಯ ಹಿಂದಿನ ರಾತ್ರಿ ಅಮ್ಮ ನನ್ನನ್ನು ಕೂರಿಸಿಕೊಂಡು ಲೀಟರುಗಳನ್ನು ಕೂಡಿಸುತ್ತಿದ್ದಳು. ಅಮ್ಮನಿಗೆ ಓದು ಬರಹ ಅಷ್ಟಕ್ಕಷ್ಟೆ. ಆದರೆ ಯಾವ ದಿನ ಹಸು ಹಾಲು ಕಡಿಮೆ ಕೊಟ್ಟಿತ್ತು ಎನ್ನುವುದು ಬಾಯಲ್ಲೇ ಇರುತ್ತಿತ್ತು. ಒಂದು ಸಲ ಅರ್ಧ ಲೀಟರ್ ವ್ಯತ್ಯಾಸ ಬಂದಾಗ ಆ ಪುಸ್ತಕ ಹಿಡಿದುಕೊಂಡೇ ಡೈರಿಗೆ ಹೋಗಿ ಕೇಳಿ ಸರಿಮಾಡಿಸಿಕೊಂಡು ಬಂದಳು.

ಅಂಗಡಿಯಲ್ಲೂ ಹಾಗೆಯೇ. ಎಣ್ಣೆ, ಸೋಪು, ಬೆಲ್ಲ ತಂದರೆ ಅಂಗಡಿಯವರು ಅವರ ಬುಕ್ಕಿನಲ್ಲಿ ಬರೆಯುತ್ತಿದ್ದರು. ಅಪ್ಪ ಕ್ಯಾಲೆಂಡರಿನ ಹಿಂದೆ ಬರೆಯುತ್ತಿದ್ದರು. ಚೀಟಿ ಹಾಕಿದವರ ಮನೆಯಲ್ಲೂ ಒಂದು ಪುಸ್ತಕ ಇದ್ದೇ ಇರುತ್ತಿತ್ತು. ಅಂದರೆ ದುಡ್ಡು ಕೈಯಲ್ಲಿ ಓಡಾಡದಿದ್ದರೂ ಲೆಕ್ಕ ಎರಡು ಕಡೆ ಇರುತ್ತಿತ್ತು. ಒಂದು ಅವರ ಹತ್ತಿರ, ಒಂದು ನಮ್ಮ ಹತ್ತಿರ. ಮೇಷ್ಟ್ರು ಗೇಟಿನಲ್ಲಿ ಹೇಳಿದ್ದೂ ಇದನ್ನೇ.

ಈಗ ಏನಾಗಿದೆ ನೋಡಿ. 2016 ರ ಏಪ್ರಿಲ್ 11 ರಂದು ಆಗಿನ ರಿಸರ್ವ್ ಬ್ಯಾಂಕ್ ಗವರ್ನರ್ ರಘುರಾಮ್ ರಾಜನ್ ಅವರು ಯುಪಿಐಗೆ ಚಾಲನೆ ಕೊಟ್ಟರು. ಅದೇ ವರ್ಷ ನವೆಂಬರ್ 8 ರ ರಾತ್ರಿ 500 ಮತ್ತು 1,000 ರೂಪಾಯಿ ನೋಟುಗಳು ರದ್ದಾದವು. ಬ್ಯಾಂಕಿನ ಮುಂದೆ ಸಾಲು ನಿಂತದ್ದು ಇಲ್ಲಿರುವ ಎಲ್ಲರಿಗೂ ನೆನಪಿದೆ. ಅಲ್ಲಿಂದ ಒಂಬತ್ತು ವರ್ಷದಲ್ಲಿ, 2025 ರ ಆಗಸ್ಟ್ ಒಂದೇ ತಿಂಗಳಲ್ಲಿ ದೇಶದಲ್ಲಿ ಯುಪಿಐ ಮೂಲಕ ನಡೆದ ಪಾವತಿಗಳ ಸಂಖ್ಯೆ 2,000 ಕೋಟಿ ದಾಟಿತು. ಎಳನೀರಿನವರು, ಹೂವಿನವರು, ಆಟೋದವರು, ದಮ್ ಬಿರಿಯಾನಿಯವರು, ಎಲ್ಲರ ಹತ್ತಿರವೂ ಆ ಕೋಡು ಇದೆ. ಕಾಲೇಜು ಹುಡುಗರ ಜೇಬಿನಲ್ಲಿ ಪರ್ಸೇ ಇಲ್ಲ.

ಇದರಿಂದ ಒಳ್ಳೆಯದೇ ಆಗಿದೆ, ಅದನ್ನು ಮೊದಲು ಹೇಳಬೇಕು. ನನಗಿಂತ ಹಿರಿಯರು ಹಾಸ್ಟೆಲಿನಲ್ಲಿ ಮನಿಯಾರ್ಡರ್‌ಗೆ ಕಾದು ಕಾದು ಊಟ ಬಿಟ್ಟ ಕಥೆಗಳನ್ನು ಕೇಳಿದ್ದೇನೆ. ಇವತ್ತು ರಾತ್ರಿ ಹತ್ತು ಗಂಟೆಗೆ ಮಗಳಿಗೆ ಜ್ವರ ಅಂದರೆ, ಅಪ್ಪ ಹೊಲದಲ್ಲಿ ನಿಂತುಕೊಂಡೇ ಹಣ ಕಳಿಸಬಹುದು. ವಿದ್ಯಾರ್ಥಿವೇತನ ಮಧ್ಯದಲ್ಲಿ ಯಾರ ಕೈಗೂ ಹೋಗದೆ ನೇರ ಖಾತೆಗೆ ಬರುತ್ತದೆ. ಹೆಣ್ಣುಮಕ್ಕಳಿಗೆ ತಮ್ಮದೇ ಖಾತೆ, ತಮ್ಮದೇ ಹಣ ಅಂತ ಒಂದು ಧೈರ್ಯ ಬಂದಿದೆ. ಆದ್ದರಿಂದ ಹಳೆಯ ಕಾಲವೇ ಚೆನ್ನಾಗಿತ್ತು ಎಂದು ಹೇಳಲು ನಾನು ಬಂದಿಲ್ಲ.

ಆದರೆ ಲೆಕ್ಕ ಎಲ್ಲಿದೆ? ನಾವು ಎಷ್ಟು ಗಂಟೆಗೆ, ಯಾವ ಅಂಗಡಿಯಲ್ಲಿ, ಎಷ್ಟು ರೂಪಾಯಿ ಕೊಟ್ಟೆವು ಎನ್ನುವುದು ಬ್ಯಾಂಕಿನ ಹತ್ತಿರ ಇದೆ. ಆ್ಯಪ್ ಮಾಡಿದ ಕಂಪನಿಯ ಹತ್ತಿರ ಇದೆ. ಸರ್ಕಾರ ಕೇಳಿದರೆ ಸರ್ಕಾರಕ್ಕೂ ಸಿಗುತ್ತದೆ. 2025 ರ ಜುಲೈನಲ್ಲಿ ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟಿಸ್ ಬಂದದ್ದು ಯುಪಿಐ ಲೆಕ್ಕವನ್ನು ನೋಡಿಯೇ. ಹೆದರಿದ ಅಂಗಡಿಯವರು ಕ್ಯೂಆರ್ ಕೋಡ್ ಕಿತ್ತು ಹಾಕಿ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಎಂದು ಬೋರ್ಡು ಬರೆದಿದ್ದರು. ಆ ನೋಟಿಸು ಸರಿಯೋ ತಪ್ಪೋ ಎನ್ನುವುದು ಬೇರೆ ಚರ್ಚೆ. ನಾನು ಹೇಳುವುದು ಇಷ್ಟೆ: ಎಷ್ಟೋ ವರ್ಷದ ಹಿಂದಿನ ವ್ಯಾಪಾರದ ಲೆಕ್ಕ ಇಲಾಖೆಗೆ ಸಿಕ್ಕಿತು, ಉತ್ತರ ಕೊಡಬೇಕಾದ ಎಷ್ಟೋ ವ್ಯಾಪಾರಿಗಳ ಹತ್ತಿರ ಮಾತ್ರ ಲೆಕ್ಕ ಇರಲಿಲ್ಲ. ನಮ್ಮ ಕಾಲೇಜು ಮಕ್ಕಳ ಸ್ಥಿತಿಯೂ ಅದೇ. ಎಲ್ಲರ ಹತ್ತಿರವೂ ನಿಮ್ಮ ಲೆಕ್ಕ ಇದೆ, ನಿಮ್ಮ ಹತ್ತಿರ ಮಾತ್ರ ಇಲ್ಲ. ಡೈರಿಯ ಪುಸ್ತಕ ಇದೆ, ಅಮ್ಮನ ಪುಸ್ತಕ ಕಳೆದುಹೋಗಿದೆ.

ಈ ಮಾತನ್ನು ನಾನು ಓದಿ ಹೇಳುತ್ತಿಲ್ಲ. ನಮ್ಮ ಮನೆಯಲ್ಲೇ ನಡೆದದ್ದು. ನನ್ನ ಚಿಕ್ಕಮ್ಮನ ಮಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಅವನ ಒಪ್ಪಿಗೆ ಕೇಳಿಯೇ ಹೇಳುತ್ತಿದ್ದೇನೆ, ಹೆಸರು ಬೇಡ ಎಂದಿದ್ದಾನೆ. ಒಂದು ಬೆಳಿಗ್ಗೆ ಚಿಕ್ಕಮ್ಮ ಹಾಲು ಹಾಕಿ ಮನೆಗೆ ಬರುವಾಗ ಅವಳಿಗೊಂದು ಫೋನ್ ಬಂತು. ಆ ಕಡೆ ಯಾರೋ ಹಿಂದಿಯಲ್ಲಿ ಜೋರಾಗಿ ಬೈಯುತ್ತಿದ್ದಾನೆ. ಅವಳಿಗೆ ಒಂದು ಅಕ್ಷರವೂ ಅರ್ಥ ಆಗಲಿಲ್ಲ. ಮಧ್ಯೆ ಮಗನ ಹೆಸರು ಮಾತ್ರ ಕೇಳಿಸಿತು. ಮಗನಿಗೆ ಏನೋ ಆಗಿದೆ ಎಂದುಕೊಂಡು ರಸ್ತೆಯಲ್ಲೇ ಕುಸಿದು ಕೂತಳಂತೆ. ಅಲ್ಲಿಂದಲೇ ನನಗೆ ಫೋನ್ ಮಾಡಿದಳು.

ನಾನು ಅವನ ರೂಮಿಗೆ ಹೋದೆ. ಮೊದಲು ಏನೂ ಇಲ್ಲ ಅಂದ. ಆಮೇಲೆ ಅತ್ತ. ನಡೆದದ್ದು ಇಷ್ಟು. ಪರೀಕ್ಷೆ ಶುಲ್ಕಕ್ಕೆ ಎಂದು ಮನೆಯಿಂದ ಹಣ ಬಂದಿತ್ತು. ಟೀ, ತಿಂಡಿ, ಬಸ್ಸಿಗೆ ಉಪಯೋಗಿಸುವ ಖಾತೆಗೇ ಅದೂ ಬಂದಿತ್ತು. ಶುಲ್ಕ ಕಟ್ಟುವ ಕೊನೆಯ ದಿನ ನೋಡಿದರೆ ಖಾತೆಯಲ್ಲಿ ಅಷ್ಟು ಹಣ ಇರಲಿಲ್ಲ. ಮನೆಯಲ್ಲಿ ಮತ್ತೆ ಕೇಳಲು ನಾಚಿಕೆ. ಫೋನಿನಲ್ಲಿ "ಐದು ನಿಮಿಷದಲ್ಲಿ ಸಾಲ" ಎನ್ನುವ ಜಾಹೀರಾತು ಕಂಡಿತು. 3,000 ರೂಪಾಯಿ ಸಾಲ ಎಂದರು. ಖಾತೆಗೆ ಬಂದದ್ದು 2,100. ಉಳಿದದ್ದು ಅವರ ಖರ್ಚಂತೆ. ಏಳು ದಿನದಲ್ಲಿ 3,000 ವಾಪಸ್ ಕಟ್ಟಬೇಕು. ಕಟ್ಟಲಾಗದೆ ಎರಡನೇ ಆ್ಯಪ್‌ನಲ್ಲಿ ಸಾಲ ಮಾಡಿ ಮೊದಲನೆಯದಕ್ಕೆ ಕಟ್ಟಿದ. ನಾಲ್ಕು ತಿಂಗಳಲ್ಲಿ ಎಲ್ಲ ಸೇರಿ ಅವನ ಕೈಗೆ ಬಂದದ್ದು ಸುಮಾರು 14,000. ಅವನು ಕಟ್ಟಿದ್ದು 22,000. ಇನ್ನೂ 16,000 ಬಾಕಿ ಎಂದು ಹೇಳಿ ಅವನ ಫೋನಿನಲ್ಲಿದ್ದ ಎಲ್ಲ ನಂಬರುಗಳಿಗೂ ಕರೆ ಮಾಡುತ್ತಿದ್ದರು.

ನಮ್ಮ ಗಣಿತದ ಮೇಷ್ಟ್ರು ಇಲ್ಲಿ ಕೂತಿದ್ದಾರೆ. ಸರಳ ಬಡ್ಡಿಯ ಲೆಕ್ಕವನ್ನು ಬೋರ್ಡಿನ ಮೇಲೆ ಎಷ್ಟು ಸಲ ಮಾಡಿಸಿದ್ದೀರಿ ಸಾರ್! ಇದನ್ನೂ ಮಾಡಿ ನೋಡೋಣ. ಕೈಗೆ ಬಂದದ್ದು 2,100. ಹೆಚ್ಚಿಗೆ ಕಟ್ಟಬೇಕಾದದ್ದು 900, ಅದೂ ಒಂದು ವಾರಕ್ಕೆ. ನೂರಕ್ಕೆ ವಾರಕ್ಕೆ ಸುಮಾರು 43 ರೂಪಾಯಿ ಆಯಿತು. ನಮ್ಮೂರಲ್ಲಿ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ತೆಗೆದುಕೊಳ್ಳುವವರನ್ನು ನಾವು ಬಾಯಿಗೆ ಬಂದಂತೆ ಬೈಯುತ್ತೇವೆ. ಇವರು ವಾರಕ್ಕೆ ನಲವತ್ತಮೂರು ತೆಗೆದುಕೊಂಡರು, ಓದಿದ ಹುಡುಗ ಕೊಟ್ಟ. ಲೆಕ್ಕ ಬರದೆ ಕೊಟ್ಟನೇ? ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಅವನಿಗೆ ತೊಂಬತ್ತರ ಮೇಲೆ ಬಂದಿತ್ತು. ಲೆಕ್ಕ ಬರುತ್ತಿತ್ತು, ಮಾಡಲಿಲ್ಲ ಅಷ್ಟೆ. ಭಯದಲ್ಲಿದ್ದವನು ಲೆಕ್ಕ ಮಾಡುವುದಿಲ್ಲ.

ಕರೆಗಳ ದಾಖಲೆ, ಮೆಸೇಜುಗಳು, ಹಣ ಕಟ್ಟಿದ ವಿವರ ಎಲ್ಲವನ್ನೂ ತೆಗೆದಿಟ್ಟುಕೊಂಡು 1930 ಕ್ಕೆ ಕರೆ ಮಾಡಿದೆವು, ದೂರು ಕೊಟ್ಟೆವು. ಆ್ಯಪ್‌ಗಳನ್ನು ತೆಗೆದು ಹಾಕಿದೆವು. ನಂಟರಿಗೆಲ್ಲ ನಾನೇ ಫೋನ್ ಮಾಡಿ ಹೀಗಾಗಿದೆ, ಕರೆ ಬಂದರೆ ಹೆದರಬೇಡಿ ಎಂದು ಹೇಳಿದೆ. ಕರೆಗಳು ನಿಲ್ಲಲು ಎರಡು ತಿಂಗಳು ಹಿಡಿಯಿತು. ಚಿಕ್ಕಮ್ಮ ಆವತ್ತು ಹೇಳಿದ್ದು ಒಂದೇ ಮಾತು. "ದುಡ್ಡು ಹೋದ್ರೆ ಹೋಗ್ಲಿ, ಇನ್ನೊಂದು ಹಸು ಕಟ್ಟಿ ತೀರಿಸ್ತೀನಿ. ನಾಲ್ಕು ತಿಂಗಳು ನನ್ ಮಗ ಒಬ್ಬನೇ ನಿದ್ದೆಗೆಟ್ಟನಲ್ಲ, ನನಗೆ ಒಂದ್ ಮಾತು ಹೇಳಬಾರದಿತ್ತಾ?"

ಗಲಾಟೆ ಎಲ್ಲ ಮುಗಿದ ಮೇಲೆ ಒಂದು ಭಾನುವಾರ ನಾವಿಬ್ಬರೂ ಕೂತು ಅವನ ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆದು ಒಂದೊಂದೇ ಸಾಲು ಓದಿದೆವು. ಸಾಲ ಮಾಡುವುದಕ್ಕೆ ಮುಂಚಿನ ತಿಂಗಳದ್ದು. ಓದುವ ಮೊದಲು ನಾನು ಕೇಳಿದೆ, "ಆ ತಿಂಗಳು ಎಷ್ಟು ಖರ್ಚಾಗಿರಬಹುದು?" ಅವನು, "ಜಾಸ್ತಿ ಅಂದ್ರೆ ನಾಲ್ಕು ಸಾವಿರ ಅಣ್ಣಾ. ದೊಡ್ಡದೇನೂ ತಗೊಂಡಿಲ್ಲ" ಅಂದ. ಕೂಡಿಸಿದರೆ 8,640 ರೂಪಾಯಿ. ಒಟ್ಟು 187 ಪಾವತಿಗಳು, ದಿನಕ್ಕೆ ಆರು ಸಲಕ್ಕಿಂತ ಹೆಚ್ಚು. ಅವುಗಳಲ್ಲಿ 131 ಐವತ್ತು ರೂಪಾಯಿಗಿಂತ ಕಡಿಮೆಯವು. ಟೀ, ಬನ್ನು, ಜೆರಾಕ್ಸ್, ಐಸ್‌ಕ್ರೀಮು. ಅವೇ 3,290 ರೂಪಾಯಿ. ಊಟ ತರಿಸಿಕೊಂಡದ್ದು ಒಂಬತ್ತು ಸಲ, 1,980. ಯಾವಾಗಲೋ ಒಪ್ಪಿಗೆ ಕೊಟ್ಟು ಮರೆತಿದ್ದ ಮೂರು ಆ್ಯಪ್‌ಗಳು ತಮ್ಮಷ್ಟಕ್ಕೆ ತಾವೇ ಕಡಿದುಕೊಂಡದ್ದು 447. ಉಳಿದದ್ದು ಬಸ್ಸು, ರೀಚಾರ್ಜು, ಗೆಳೆಯರ ಜೊತೆ ಹಂಚಿಕೊಂಡ ಖರ್ಚು.

ಅವನು ಹೇಳಿದ್ದು ನಿಜ. ದೊಡ್ಡದೇನೂ ತೆಗೆದುಕೊಂಡಿರಲಿಲ್ಲ. ಕುಡಿತ ಇಲ್ಲ, ಜೂಜು ಇಲ್ಲ. ಚಿಕ್ಕಮ್ಮನ ಭಾಷೆಯಲ್ಲಿ ಇನ್ನೊಂದು ಲೆಕ್ಕ ಮಾಡಿದೆವು. ಹಾಲಿಗೆ ಲೀಟರಿಗೆ 35 ರೂಪಾಯಿ ಎಂದು ಹಿಡಿದರೆ, ಆ ಐವತ್ತರೊಳಗಿನ ಸಣ್ಣ ಪಾವತಿಗಳೇ 94 ಲೀಟರ್ ಹಾಲು. ಅವರ ಮನೆಯ ಹಸು ದಿನಕ್ಕೆ ಹನ್ನೆರಡು ಲೀಟರ್ ಕೊಡುತ್ತದೆ. ಹತ್ತಿರ ಹತ್ತಿರ ಎಂಟು ದಿನದ ಹಾಲು. ನಾನು ಅವನಿಗೆ ಬೈಯಲಿಲ್ಲ. ಅವನೇ ಸ್ವಲ್ಪ ಹೊತ್ತು ಸುಮ್ಮನೆ ಕೂತ. ಗೆಳೆಯರ ಜೊತೆ ಟೀ ಕುಡಿಯುವುದು ತಪ್ಪಲ್ಲ ಮಕ್ಕಳೇ. ಕಾಲೇಜು ಅಂದರೆ ಅದೂ ಇರಬೇಕು. ಆದರೆ ಎಂಟು ದಿನದ ಹಾಲಿಗೆ ಟೀ ಕುಡಿದಿದ್ದೇನೆ ಎಂದು ಕುಡಿದವನಿಗೆ ಗೊತ್ತಿರಬೇಕು.

ಯಾಕೆ ಗೊತ್ತಾಗಲಿಲ್ಲ? ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ನಾನು ಕೆಲವು ವರ್ಷ ಹಣ ಪಾವತಿಯ ಸಾಫ್ಟ್‌ವೇರ್ ಬರೆಯುವ ತಂಡದಲ್ಲಿ ಕೆಲಸ ಮಾಡಿದ್ದೇನೆ. ಹಣ ಕೊಡುವಾಗ ಜನ ಎಲ್ಲಿ ಒಂದು ಕ್ಷಣ ನಿಲ್ಲುತ್ತಾರೆ, ಎಲ್ಲಿ ಮನಸ್ಸು ಬದಲಾಯಿಸುತ್ತಾರೆ ಎನ್ನುವುದನ್ನು ಹುಡುಕಿ, ಆ ನಿಲುಗಡೆಯನ್ನು ತೆಗೆಯುವುದು ನಮ್ಮ ಕೆಲಸ. ನಾಲ್ಕು ಸಲ ಒತ್ತಬೇಕಾದದ್ದನ್ನು ಎರಡು ಸಲಕ್ಕೆ ಇಳಿಸಿದ ದಿನ ಆಫೀಸಿನಲ್ಲಿ ಕೇಕ್ ಕತ್ತರಿಸಿದ್ದೆವು. ನಾನೂ ಚಪ್ಪಾಳೆ ಹೊಡೆದಿದ್ದೆ. ತಮ್ಮನ ಸ್ಟೇಟ್‌ಮೆಂಟಿನಲ್ಲಿ 187 ಸಾಲುಗಳನ್ನು ಓದುವಾಗ ಆ ಕೇಕ್ ನೆನಪಾಯಿತು.

ನಾನು 2008 ರಿಂದ 2012 ರವರೆಗೆ ಬಿ.ಇ. ಓದುವಾಗ ಅಪ್ಪ ಸೋಮವಾರ ಬೆಳಿಗ್ಗೆ ಮೂರು ನೂರರ ನೋಟು ಕೊಡುತ್ತಿದ್ದರು. ಹಳೇ ಮದ್ರಾಸ್ ರಸ್ತೆಯಲ್ಲಿ ಬಸ್ಸಿಗೆ ನಿಂತಾಗ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಗುರುವಾರದ ಹೊತ್ತಿಗೆ ಒಂದೇ ನೋಟು ಉಳಿದಿರುತ್ತಿತ್ತು. ಅದನ್ನು ಮುರಿಸಲು ಮನಸ್ಸು ಬರುತ್ತಿರಲಿಲ್ಲ. ನಾನು ಬುದ್ಧಿವಂತನಾಗಿದ್ದೆ ಎಂದಲ್ಲ, ಜೇಬು ನನಗೆ ಹೇಳುತ್ತಿತ್ತು. ಅಮೆರಿಕದ ಎಂಐಟಿಯಲ್ಲಿ ಪ್ರೆಲೆಕ್ ಮತ್ತು ಸಿಮೆಸ್ಟರ್ ಎಂಬ ಇಬ್ಬರು ಪ್ರಾಧ್ಯಾಪಕರು ಇದನ್ನೇ ಪರೀಕ್ಷೆ ಮಾಡಿ 2001 ರಲ್ಲಿ ಪ್ರಕಟಿಸಿದರು. ಎಂಬಿಎ ವಿದ್ಯಾರ್ಥಿಗಳಿಗೆ ಬ್ಯಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್ಟುಗಳನ್ನು ಹರಾಜಿಗಿಟ್ಟರು. ಅರ್ಧ ಜನಕ್ಕೆ ನಗದು ಕೊಡಬೇಕು ಎಂದರು, ಅರ್ಧ ಜನಕ್ಕೆ ಕಾರ್ಡಿನಲ್ಲಿ ಕೊಡಬೇಕು ಎಂದರು. ಕಾರ್ಡಿನವರು ಕೂಗಿದ ಬೆಲೆ ನಗದಿನವರು ಕೂಗಿದ್ದರ ಸುಮಾರು ಎರಡರಷ್ಟಿತ್ತು. ಅವರೂ ಓದಿದವರೇ. ಕೈಯಿಂದ ನೋಟು ಹೋಗುವಾಗ ಆಗುವ ಸಂಕಟ ಕಾರ್ಡಿನಲ್ಲಿ ಆಗುವುದಿಲ್ಲ. ಫೋನಿನಲ್ಲಿ ಇನ್ನೂ ಕಡಿಮೆ.

ಹಾಗಾದರೆ ಏನು ಮಾಡಬೇಕು? ಫೋನ್ ಬಿಸಾಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೂ ಯಾರೂ ಕೇಳುವುದಿಲ್ಲ. ತಮ್ಮ ಮತ್ತು ನಾನು ಸೇರಿ ಮಾಡಿಕೊಂಡ ಕೆಲವು ಏರ್ಪಾಡುಗಳನ್ನು ಹೇಳುತ್ತೇನೆ. ಈಗ ಒಂದು ವರ್ಷದಿಂದ ನಡೆಯುತ್ತಿವೆ.

ಮೊದಲನೆಯದು, ಎರಡು ಖಾತೆ. ಶುಲ್ಕದ ಹಣ, ವಿದ್ಯಾರ್ಥಿವೇತನ, ಮನೆಯಿಂದ ದೊಡ್ಡದಾಗಿ ಬರುವ ಹಣ ಒಂದು ಖಾತೆಗೆ. ಆ ಖಾತೆಯನ್ನು ಯಾವ ಯುಪಿಐ ಆ್ಯಪ್‌ಗೂ ಜೋಡಿಸಬಾರದು. ದಿನದ ಖರ್ಚಿಗೆ ಇನ್ನೊಂದು ಖಾತೆ. ಭಾನುವಾರ ಭಾನುವಾರ ಮೊದಲನೆಯದರಿಂದ ಎರಡನೆಯದಕ್ಕೆ ವಾರದ ಹಣ ಮಾತ್ರ ಹಾಕಿಕೊಳ್ಳಬೇಕು. ಅಪ್ಪನ ಮೂರು ನೋಟುಗಳ ಬದಲಿಗೆ ಇದು. ಗುರುವಾರ ಖಾತೆಯಲ್ಲಿ ನೂರು ರೂಪಾಯಿ ಉಳಿದಿದ್ದರೆ ಅದು ಕಣ್ಣಿಗೆ ಕಾಣುತ್ತದೆ. ಶುಲ್ಕದ ಹಣವೂ ಟೀ ಹಣವೂ ಒಂದೇ ಖಾತೆಯಲ್ಲಿ ಬೆರೆತದ್ದೇ ತಮ್ಮನ ಕಷ್ಟದ ಮೂಲ.

ಎರಡನೆಯದು, ಬರೆಯುವುದು. ಒಂದು ಇಪ್ಪತ್ತು ರೂಪಾಯಿಯ ನೋಟ್‌ಬುಕ್ ಸಾಕು. ರಾತ್ರಿ ಮಲಗುವ ಮುಂಚೆ ಐದು ನಿಮಿಷ. ಮೊದಲು ಫೋನ್ ನೋಡದೆ ನೆನಪಿನಿಂದ ಬರೆಯಿರಿ. ಆಮೇಲೆ ಫೋನ್ ತೆಗೆದು ನೋಡಿ. ನೆನಪಿಗೆ ಬಾರದೆ ಹೋದದ್ದನ್ನು ಕೆಂಪು ಶಾಯಿಯಲ್ಲಿ ಬರೆಯಿರಿ. ತಿಂಗಳ ಕೊನೆಯಲ್ಲಿ ಕೆಂಪು ಸಾಲುಗಳನ್ನು ಮಾತ್ರ ಕೂಡಿಸಿ. ಕುಡಿದದ್ದು, ತಿಂದದ್ದು ಕೂಡ ನೆನಪಿಲ್ಲದ ಹಣ ಅದು. ಕಡಿಮೆ ಮಾಡಬೇಕಾದದ್ದು ಅದನ್ನೇ. "ಆ್ಯಪ್‌ನಲ್ಲೇ ಎಲ್ಲ ಇರುತ್ತಲ್ಲ ಅಣ್ಣಾ, ಯಾಕೆ ಬರೀಬೇಕು?" ಎಂದು ಅವನೂ ಕೇಳಿದ್ದ. ಆ್ಯಪ್‌ನಲ್ಲಿರುವುದು ಅವರ ಪುಸ್ತಕ. ಅದೂ ಅಲ್ಲದೆ ನಿಮ್ಮ ಫೋನಿನಲ್ಲಿ ಮೂರು ಆ್ಯಪ್ ಇದ್ದರೆ ಒಂದೊಂದರಲ್ಲಿ ಒಂದೊಂದು ತುಂಡು ಲೆಕ್ಕ ಇರುತ್ತದೆ. ಆ್ಯಪ್ ಎನ್ನುವುದು ಬರೀ ಕಿಟಕಿ, ಹಣ ಹೋಗುವುದು ಬ್ಯಾಂಕಿನಿಂದ ಬ್ಯಾಂಕಿಗೆ. ಆದ್ದರಿಂದ ತಿಂಗಳಿಗೊಮ್ಮೆ ಬ್ಯಾಂಕಿನ ಸ್ಟೇಟ್‌ಮೆಂಟನ್ನೇ ತೆಗೆದು ನಿಮ್ಮ ಪುಸ್ತಕದ ಜೊತೆ ತಾಳೆ ನೋಡಬೇಕು.

ಸಣ್ಣ ಪಾವತಿಗೆ ಯುಪಿಐ ಲೈಟ್ ಎಂದಿದೆ. ಅದರಲ್ಲಿ ಒಟ್ಟು 5,000 ರೂಪಾಯಿಯವರೆಗೆ ಇಟ್ಟುಕೊಳ್ಳಬಹುದು, ಒಂದು ಸಲಕ್ಕೆ 1,000 ದವರೆಗೆ ಪಿನ್ ಇಲ್ಲದೆ ಕೊಡಬಹುದು. ಪರ್ಸಿನ ಹಾಗೆ ಉಪಯೋಗಿಸುವುದಾದರೆ ಒಳ್ಳೆಯದೇ, ಆದರೆ ನಾನೂರು ಐನೂರಕ್ಕಿಂತ ಹೆಚ್ಚು ಹಾಕಬೇಡಿ. ಅದರ ಒಂದೊಂದು ಖರ್ಚು ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಬರುವುದಿಲ್ಲ, ಲೈಟ್‌ಗೆ ಹಣ ಹಾಕಿಕೊಂಡದ್ದು ಮಾತ್ರ ಬರುತ್ತದೆ. ಆಗ ನಿಮ್ಮ ನೋಟ್‌ಬುಕ್ ಇನ್ನೂ ಮುಖ್ಯ.

ಮೂರನೆಯದು, ಆಟೋಪೇ. ಒಂದು ತಿಂಗಳು ಉಚಿತ ಎಂದು ಹೇಳಿ ಒಪ್ಪಿಗೆ ತೆಗೆದುಕೊಂಡು ಆಮೇಲೆ ತಿಂಗಳು ತಿಂಗಳು ಕಡಿದುಕೊಳ್ಳುವ ಏರ್ಪಾಡು. ನಿಮ್ಮ ಯುಪಿಐ ಆ್ಯಪ್‌ನಲ್ಲೇ ಆಟೋಪೇ ಎಂಬ ಜಾಗ ಇರುತ್ತದೆ. ಇವತ್ತು ಮನೆಗೆ ಹೋದ ಮೇಲೆ ಅದನ್ನು ತೆರೆದು ನೋಡಿ, ಬೇಡದ್ದನ್ನು ರದ್ದು ಮಾಡಿ.

ನಾಲ್ಕನೆಯದು, ಸಾಲ. ರಿಸರ್ವ್ ಬ್ಯಾಂಕ್ 2022 ರ ಸೆಪ್ಟೆಂಬರ್‌ನಲ್ಲಿ ಡಿಜಿಟಲ್ ಸಾಲಕ್ಕೆ ನಿಯಮ ಮಾಡಿದೆ. ಸಾಲ ಕೊಡುವ ಬ್ಯಾಂಕು ಅಥವಾ ಹಣಕಾಸು ಸಂಸ್ಥೆ ಯಾವುದು ಎಂದು ಹೇಳಬೇಕು. ವರ್ಷಕ್ಕೆ ಒಟ್ಟು ಎಷ್ಟು ಬಡ್ಡಿ ಬೀಳುತ್ತದೆ ಎಂದು ಮೊದಲೇ ಬರೆದುಕೊಡಬೇಕು. ನಿಮ್ಮ ಫೋನಿನ ನಂಬರುಗಳು, ಫೋಟೋಗಳನ್ನು ಮುಟ್ಟುವಂತಿಲ್ಲ. ಹಾಗಾಗಿ ಯಾವ ಸಾಲದ ಆ್ಯಪ್ ನಿಮ್ಮ ಕಾಂಟ್ಯಾಕ್ಟ್ ಪಟ್ಟಿಗೆ ಅನುಮತಿ ಕೇಳುತ್ತದೋ, ಅದನ್ನು ಅಲ್ಲಿಯೇ ತೆಗೆದು ಹಾಕಿ. ಅದು ಕೇಳುತ್ತಿರುವುದು ನಿಮ್ಮ ಅಮ್ಮನ ನಂಬರನ್ನು.

ಐದನೆಯದು, ನಿಮ್ಮ ಖಾತೆಯನ್ನು ಯಾರಿಗೂ ಬಾಡಿಗೆಗೆ ಕೊಡಬೇಡಿ. "ನಿನ್ನ ಅಕೌಂಟ್‌ಗೆ ಹಣ ಬರುತ್ತೆ, ಇನ್ನೊಬ್ಬರಿಗೆ ಕಳಿಸು, ನಿನಗೆ ಕಮಿಷನ್" ಎಂದು ಕಾಲೇಜು ಮಕ್ಕಳನ್ನೇ ಹುಡುಕಿಕೊಂಡು ಬರುತ್ತಾರೆ. ಆ ಹಣ ಯಾರನ್ನೋ ಮೋಸ ಮಾಡಿ ತೆಗೆದದ್ದಾಗಿರುತ್ತದೆ. ಪೊಲೀಸರು ಹಣದ ಜಾಡು ಹಿಡಿದು ಬಂದಾಗ ಮೊದಲು ಸಿಗುವುದು ನಿಮ್ಮ ಹೆಸರು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಮಾತು ಬೇಡವೇ ಬೇಡ. 2025 ರ ಆಗಸ್ಟ್‌ನಲ್ಲಿ ಸಂಸತ್ತು ಅವನ್ನು ನಿಷೇಧಿಸುವ ಕಾನೂನನ್ನೇ ಮಾಡಿದೆ. ಹಾಗೆಯೇ, ಹಣ ಪಡೆಯಲು ಎಂದೂ ಪಿನ್ ಹಾಕಬೇಕಾಗಿಲ್ಲ. ಪಿನ್ ಹಾಕಿದರೆ ಹಣ ಹೋಗುತ್ತದೆ, ಬರುವುದಿಲ್ಲ. ಇದನ್ನು ಮನೆಯಲ್ಲಿ ಅಜ್ಜ ಅಜ್ಜಿಗೂ ಹೇಳಿಕೊಡಿ. ಮೋಸ ಆಯಿತು ಎಂದು ಗೊತ್ತಾದ ಕೂಡಲೇ 1930 ಕ್ಕೆ ಕರೆ ಮಾಡಿ. ಬೇಗ ಮಾಡಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಆರನೆಯದು, ಬ್ಯಾಗಿನಲ್ಲಿ ಇನ್ನೂರು ರೂಪಾಯಿ ನಗದು ಇರಲಿ. 2025 ರ ಮಾರ್ಚ್ 26 ರಂದು, ಏಪ್ರಿಲ್ 12 ರಂದು ದೇಶದಲ್ಲಿ ಯುಪಿಐ ಕೆಲವು ಗಂಟೆ ಕೆಟ್ಟು ನಿಂತಿತ್ತು. ನಗದು ಬಹುಮಟ್ಟಿಗೆ ಮಾಯವಾಗಿರುವ ಸ್ವೀಡನ್ ದೇಶದ ಸರ್ಕಾರವೇ ತುರ್ತು ಸಮಯಕ್ಕೆ ಮನೆಯಲ್ಲಿ ಸ್ವಲ್ಪ ನಗದು ಇಟ್ಟುಕೊಳ್ಳಿ ಎಂದು ಜನರಿಗೆ ಹೇಳುತ್ತಿದೆ. ಸಂಜೆಯ ಕೊನೆಯ ಬಸ್ಸಿನಲ್ಲಿ ಊರಿಗೆ ಬರುವ ಹೆಣ್ಣುಮಕ್ಕಳಿಗೆ ಇದನ್ನು ಒತ್ತಿ ಹೇಳುತ್ತೇನೆ. ಫೋನ್ ಚಾರ್ಜ್ ಮುಗಿದರೆ ಕೈ ಕಟ್ಟಿದ ಹಾಗೆ ಆಗಬಾರದು.

ತಂದೆ ತಾಯಂದಿರಿಗೆ ಎರಡು ಮಾತು. ಮಕ್ಕಳ ಸ್ಟೇಟ್‌ಮೆಂಟನ್ನು ಪೊಲೀಸರ ಹಾಗೆ ಕೇಳಬೇಡಿ. ಮೊದಲು ನಿಮ್ಮ ಲೆಕ್ಕವನ್ನು ಅವರಿಗೆ ಹೇಳಿ. ಈ ಸಲದ ಬಟವಾಡೆ ಎಷ್ಟು ಬಂತು, ಬೂಸಕ್ಕೆ ಎಷ್ಟು ಹೋಯಿತು, ಸಂಘದ ಸಾಲಕ್ಕೆ ಎಷ್ಟು ಕಟ್ಟಿದಿರಿ, ನಿನಗೆ ಕಳಿಸಿದ್ದು ಎಲ್ಲಿಂದ ಬಂತು ಎಂದು ಹೇಳಿ. ನಮ್ಮ ಮನೆಗಳಲ್ಲಿ ಕಷ್ಟ ಮಕ್ಕಳಿಗೆ ಗೊತ್ತಾಗಬಾರದು ಎಂದು ಮುಚ್ಚಿಡುತ್ತೇವೆ. ಮಕ್ಕಳೂ ಅದನ್ನೇ ಕಲಿತು ತಮ್ಮ ಕಷ್ಟವನ್ನು ನಮ್ಮಿಂದ ಮುಚ್ಚಿಡುತ್ತಾರೆ. ಇನ್ನೊಂದು, ನಿಮ್ಮ ಫೋನಿನ ಪಿನ್ನನ್ನು ಮಗನಿಗೇ ಬಿಟ್ಟುಬಿಡಬೇಡಿ. ಗೃಹಲಕ್ಷ್ಮಿ ಹಣ ಬಂತಾ, ಹಾಲಿನ ಹಣ ಬಂತಾ ಎಂದು ನೀವೇ ನೋಡಿಕೊಳ್ಳುವಷ್ಟು ಕಲಿಯಿರಿ. ಫ್ಯಾಟ್ ಲೆಕ್ಕ ಹಾಕುವ ತಾಯಂದಿರಿಗೆ ಇದು ಕಷ್ಟವಲ್ಲ.

ಈಗ ನನ್ನ ಸರದಿ. ಭಾಷಣ ಮಾಡಿ ಹೋಗಿಬಿಟ್ಟರೆ ಸಾಲದು. ನಮ್ಮ ಬ್ಯಾಚಿನ ಗೆಳೆಯರೆಲ್ಲ ಮಾತಾಡಿಕೊಂಡಿದ್ದೇವೆ. ಈ ವರ್ಷದಿಂದ ಪ್ರತಿ ವರ್ಷ ಹತ್ತನೇ ತರಗತಿ ಮುಗಿಸಿ ಹೋಗುವ ಪ್ರತಿಯೊಬ್ಬ ಮಗುವಿಗೂ ಒಂದು ಲೆಕ್ಕದ ಪುಸ್ತಕ ಕೊಡುತ್ತೇವೆ. ಅದರ ಹಿಂಬದಿಯಲ್ಲಿ 1930 ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಅದರ ಕೆಳಗೆ ನಮ್ಮಲ್ಲಿ ಐದು ಜನರ ಫೋನ್ ನಂಬರ್ ಇರುತ್ತದೆ. ಮನೆಯಲ್ಲಿ ಹೇಳಲು ಭಯವಾದರೆ ನಮಗೆ ಹೇಳಿ. ಬೈಯುವುದಿಲ್ಲ. ಮುಖ್ಯೋಪಾಧ್ಯಾಯರು ಒಪ್ಪಿದರೆ ಏಪ್ರಿಲ್‌ನಲ್ಲಿ ಒಂದು ಶನಿವಾರ ನಾನೇ ಬಂದು ಮಕ್ಕಳ ಜೊತೆ ತಂದೆ ತಾಯಂದಿರನ್ನೂ ಕೂರಿಸಿಕೊಂಡು ಸ್ಟೇಟ್‌ಮೆಂಟ್ ಓದುವುದನ್ನು ತೋರಿಸಿಕೊಡುತ್ತೇನೆ.

ತಮ್ಮ ಈಗ ಕೊನೆಯ ವರ್ಷದಲ್ಲಿದ್ದಾನೆ. ಹೋದ ತಿಂಗಳು ಊರಿಗೆ ಬಂದಾಗ ತನ್ನ ನೋಟ್‌ಬುಕ್ ತೆಗೆದು ಚಿಕ್ಕಮ್ಮನ ಹಾಲಿನ ಪುಸ್ತಕದ ಪಕ್ಕ ಇಟ್ಟ. ಇಬ್ಬರೂ ಕೂತು ಕೂಡಿಸಿದರು. ಅವನ ಲೆಕ್ಕದಲ್ಲಿ ಹನ್ನೆರಡು ರೂಪಾಯಿ ವ್ಯತ್ಯಾಸ ಬಂತು. "ಎಲ್ಲಿ ಹೋಯ್ತೋ ಹನ್ನೆರಡು ರೂಪಾಯಿ?" ಎಂದು ಚಿಕ್ಕಮ್ಮ ನಗುತ್ತಾ ಕೇಳಿದಳು. ಅವನಿಗೆ ನೆನಪಾಯಿತು, ಟೀ.

ಐವತ್ತು ವರ್ಷದಿಂದ ಈ ಶಾಲೆ ನಮ್ಮೂರ ಮಕ್ಕಳಿಗೆ ಕೂಡುವುದು ಕಳೆಯುವುದು ಕಲಿಸಿದೆ. ಕಲಿಸಿದ ಎಲ್ಲ ಗುರುಗಳಿಗೂ ತಲೆಬಾಗಿ ನಮಸ್ಕರಿಸುತ್ತೇನೆ.  

ಜೈ ಹಿಂದ್, ಜೈ ಕರ್ನಾಟಕ ಮಾತೆ.